ನಾಲ್ಕು ಬರ್ನರ್, ನಾಲ್ಕು ನಾಬ್

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯಿನಿ ರೋವೆನಾ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ತಂದೆ ತಾಯಂದಿರೇ, ಮುಂದೆ ನೆಲದ ಮೇಲೆ ಕೂತು ಆಗಲೇ ಆಕಳಿಸುತ್ತಿರುವ ನನ್ನ ಪುಟ್ಟ ಸಭಿಕರೇ,

ಪ್ರತಿ ಮಂಗಳವಾರ ಒಂದನೇ ತರಗತಿಗೆ ಬಂದು, ನಾವು ಬಳಸುವ ವಸ್ತುಗಳು ಹೇಗಿರಬೇಕು ಎಂದು ಮಾತನಾಡುವ ಈ ಮುದುಕನಿಗೆ ಹೂಗುಚ್ಛ ಕೊಟ್ಟು ಗೌರವಿಸಿದ್ದೀರಿ. ಇನ್ನು ಹೂದಾನಿ ಹುಡುಕಬೇಕು. ಅದು ಎಲ್ಲಿದೆಯೆಂದು ನನ್ನ ಹೆಂಡತಿ ಇಲ್ಸೆಗೆ ಗೊತ್ತಿತ್ತು.

ನಮ್ಮ ಅಡಿಲೇಡಿನ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಗ್ಯಾಸ್ ಒಲೆಗಳ ವಿನ್ಯಾಸ ಮಾಡಿದವನು ನಾನು. ಮೇಲೆ ಚೌಕವಾಗಿ ನಾಲ್ಕು ಬರ್ನರ್, ಮುಂದೆ ಸಾಲಾಗಿ ನಾಲ್ಕು ನಾಬ್. ಎಂಥ ಅಂದ! ನಮ್ಮ ಮನೆಯಲ್ಲೂ ಅದೇ ಒಲೆ. ಇಲ್ಸೆ ಸೂಪಿಗೆಂದು ನಾಬ್ ತಿರುಗಿಸಿದರೆ ಪಕ್ಕದ ಖಾಲಿ ಬಾಣಲೆ ಕಾಯುತ್ತಿತ್ತು.

"ಇಷ್ಟ್ ವರ್ಷ ಆಯ್ತು, ಇನ್ನೂ ಗೊತ್ತಾಗಲ್ವೇನೇ?" ಎನ್ನುತ್ತಿದ್ದೆ.

"ಸಾರಿ ಅರ್ನೋ, ನನ್ ತಲೇಲಿ ನಿಲ್ಲೋದೇ ಇಲ್ಲ ನೋಡು."

ಪ್ರತಿ ಸಲವೂ ಅವಳು ಕ್ಷಮೆ ಕೇಳಿದಳು. ಪ್ರತಿ ಸಲವೂ ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಒಮ್ಮೆ ಅವಳು ನೇಲ್ ಪಾಲಿಶ್ ತೆಗೆದುಕೊಂಡು ಪ್ರತಿ ಬರ್ನರಿನ ಪಕ್ಕಕ್ಕೆ ಒಂದು ಬಣ್ಣದ ಚುಕ್ಕಿ, ಅದರ ನಾಬ್ ಮೇಲೂ ಅದೇ ಬಣ್ಣದ ಚುಕ್ಕಿ ಇಟ್ಟಳು. ನಾನೇನು ಮಾಡಿದೆ? ಒಲೆಯ ಅಂದ ಕೆಟ್ಟಿತೆಂದು ಬ್ಲೇಡಿನಿಂದ ಕೆರೆದು ತೆಗೆದೆ. ಮರುವಾರವೇ, ಬೇರೆ ನಾಬ್ ತಿರುಗಿಸಿದ್ದು ತಿಳಿಯದೆ, ಕಾದಿದ್ದ ಖಾಲಿ ಬಾಣಲೆ ಹಿಡಿದು ಅಂಗೈ ಸುಟ್ಟುಕೊಂಡಳು. ಆಸ್ಪತ್ರೆಯಲ್ಲಿ "ತಪ್ಪು ನಂದೇ ಡಾಕ್ಟ್ರೇ" ಎಂದಳು. ನಾನು ಪಕ್ಕದಲ್ಲೇ ಇದ್ದೆ. ಹೌದೆಂದು ತಲೆಯಾಡಿಸಿದೆ.

ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಕ್ಷಮಿಸಿ, ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ.

ಕಳೆದ ತಿಂಗಳು ಮಕ್ಕಳಿಗೆ ಒಲೆಯ ಚಿತ್ರ ಬರೆಯಲು ಹೇಳಿದೆ. ಆರು ವರ್ಷದ ಟೆಸ್ಸಾ ನಾಬ್‌ಗಳನ್ನೂ ಚೌಕವಾಗಿಯೇ ಬರೆದಿದ್ದಳು.

"ಯಾಕಮ್ಮ ಹೀಗೆ?"

"ಇದು ಇದಕ್ಕೆ, ಅದು ಅದಕ್ಕೆ. ನೋಡಿದ್ರೇ ಗೊತ್ತಾಗತ್ತಲ್ಲ, ಮಿಸ್ಟರ್ ಕ್ರಾಂಟ್ಸ್!"

ನನ್ನ ಒಲೆಯ ಚಿತ್ರ ಬಿಡಿಸಿ ತೋರಿಸಿದೆ. ಅವಳು ನಕ್ಕಳು. "ಅಯ್ಯೋ, ಇದ್ರಲ್ಲಿ ಯಾವುದಕ್ಕೆ ಯಾವುದು? ನಿಮ್ಗೆ ಯಾರೂ ಹೇಳ್ಲೇ ಇಲ್ವಾ?"

"ಹೇಳಿದ್ರಮ್ಮ" ಎಂದೆ. ಆಮೇಲೆ ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಹೊರಗೆ ಹೋದೆ.

ಮಕ್ಕಳೇ, ಬಾಗಿಲು ತೆರೆಯದಿದ್ದರೆ, ನಲ್ಲಿ ತಿರುಗದಿದ್ದರೆ ನಿಮ್ಮನ್ನು ನೀವು ದಡ್ಡರೆಂದುಕೊಳ್ಳಬೇಡಿ. ಅದನ್ನು ಮಾಡಿದವನ ಮನೆಗೇ ಹೋಗಿ ಕೇಳಿ. ಅವನು ಮನೆಯಲ್ಲೇ ಇರುತ್ತಾನೆ. ಯಾರಾದರೂ ಬಂದು ಕೇಳಲಿ ಎಂದು ಕಾಯುತ್ತಿರುತ್ತಾನೆ.

ಇನ್ನು ಮುಂದೆ ನಾನು ಗುರುವಾರವೂ ಬರಲು ಒಪ್ಪಿಗೆ ಕೊಟ್ಟಿರುವ ರೋವೆನಾ ಅವರಿಗೆ, ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ಋಣಿಯಾಗಿದ್ದೇನೆ. ನಮಸ್ಕಾರ.