ಸಾಲಿನ ಕೊನೆಯವನು

ಮಳೆ, ಮಂಜು ಮಿಜೋ ಬೆಟ್ಟವನ್ನು ಮಧ್ಯಾಹ್ನವೇ ಮುಚ್ಚಿಬಿಟ್ಟಿದ್ದವು. ಕುಮರಿ ಹೊಲದ ಬಿದಿರು ಗುಡಿಸಲಿನಲ್ಲಿ ಸಿಕ್ಕಿಬಿದ್ದ ಮೂವರು ಹೆಂಗಸರಲ್ಲಿ ಹ್ಮಿಂಗಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಪ್ರತ್ಯೇಕ ನಾಡಿಗಾಗಿ ಬಂದೂಕು ಹಿಡಿದು ಗಡಿ ದಾಟಿದ್ದವರು, ಸರ್ಕಾರದೊಂದಿಗೆ ಒಪ್ಪಂದವಾಗಿ, ಮರಳುತ್ತಿದ್ದರು. ಅವಳ ಗಂಡ ವಾನ್‌ಥಾಂಗನಿದ್ದ ಲಾರಿ ಸಂಜೆ ಕೆಳಗಿನ ರಸ್ತೆಯಲ್ಲಿ ಅರೆಗಳಿಗೆ ನಿಂತು, ದೂರದ ಶಿಬಿರಕ್ಕೆ ಹೋಗಿಬಿಡುತ್ತದೆ. ದಾರಿಯೋ ಸುಟ್ಟುಹೋದ ಹಳೆಯ ಊರಿನ ನಡುವೆ. ಮಂಜಿನಲ್ಲಿ ಅಲ್ಲಿ ದೆವ್ವ ದನಿಗೊಡುತ್ತದೆಂದು ಕಾಲಿಡಲು ಎಲ್ಲರಿಗೂ ಭಯ.

“ಗಂಡನ ಮೇಲೆ ಆಸೆ, ದೆವ್ವದ ಮೇಲೆ ಭಯ! ಯಾವುದು ಗೆಲ್ಲುತ್ತೋ ನೋಡೋಣ,” ಎಂದು ನೆರೆಮನೆಯ ಪಾರ್ತೇಯಿ ಛೇಡಿಸಿದಳು.

“ನೀನು ಬಾಯಿಗೆ ಸೌತೆಕಾಯಿ ತುರುಕ್ಕೋ,” ಎಂದು ಗದರಿದ ದಾರ್‌ನೂನಿ ಅಜ್ಜಿ ಮೊಮ್ಮಗಳತ್ತ ತಿರುಗಿದಳು. “ಹ್ಮಿಂಗಿ, ಕೂತ್ಕೋ. ಆ ದೆವ್ವದ ಕತೆ ನನ್ನ ಬಾಯಲ್ಲೇ ಕೇಳು.

“ಊರು ಖಾಲಿ ಮಾಡಿ ಅಂತ ಸಿಪಾಯಿಗಳು ಬಂದು ಬೆಂಕಿ ಇಟ್ಟ ದಿನಾನೂ ಹಿಂಗೇ ಮಂಜು. ನಮ್ಮೋರು ಸಾಲಾಗಿ ನಡೆಯುವಾಗ ಒಬ್ಬ ಗಟ್ಟಿ ಹುಡುಗ ಹಿಂದೆ ಇರಬೇಕು, ಮುಂದಿನವರು ‘ಕೊನೆಗೆ ಯಾರು?’ ಅಂತ ಕೂಗಿದ್ರೆ ‘ನಾನು, ಎಲ್ಲಾ ಬಂದ್ರು’ ಅನ್ನಬೇಕು, ಹೌದೋ ಅಲ್ವೋ? ಅವತ್ತು ಹುಡುಗರೆಲ್ಲಾ ಕಾಡಲ್ಲಿ... ಹಿಂದೆ ಯಾರನ್ನೂ ನಿಲ್ಲಿಸದೇ ಹೊರಟುಬಿಟ್ವಿ, ಅದೇ ತಪ್ಪು. ನಾನು ಬೆನ್ನಿಗೆ ಕೂಸು ಕಟ್ಕೊಂಡು ಕೊನೇಲಿ ಬರ್ತಾ ಇದ್ದೋಳು, ಜಾರಿ ಕಮರಿಗೆ ಬಿದ್ದೆ. ಉರಿಯೋ ಊರಿನ ಹೊಗೆ ಗಂಟಲಿಗೆ ತುಂಬಿ ಕೂಗೋಕೂ ಆಗ್ಲಿಲ್ಲ. ಮೇಲೆ ಹೆಜ್ಜೆ ಸದ್ದು ದೂರ ಆಗ್ತಾ ಹೋಯ್ತು... ಆಗ ಯಾರೋ ಮುಂದಿನಿಂದ ಕೂಗಿದ್ರು, ‘ಕೊನೆಗೆ ಯಾರು?’

“ನನ್ನ ಬೆನ್ನ ಹಿಂದಿನಿಂದಲೇ ಉತ್ತರ ಬಂತು ಕಣೇ: ‘ನಾನು! ಇಬ್ಬರು ಬಾಕಿ, ನಿಲ್ಲಿ!’ ಆ ದನಿ ನನ್ನ ಮಗ ರೋಲಿಯಾನಂದು. ಅದಕ್ಕೂ ಹನ್ನೆರಡು ದಿನ ಮುಂಚೆ, ಗುಂಡು ಹೊಕ್ಕ ಅವನ ಎದೆ ತೊಳೆದು, ಇದೇ ಕೈಯಿಂದ ಮಣ್ಣು ಹಾಕಿದ್ದೆ... ಸಾಲು ನಿಂತಿತು. ಕಾವಲಿಗೆ ಬರ್ತಿದ್ದ ಸಿಪಾಯೀನೂ ನಿಂತ. ಹಗ್ಗ ಇಳಿಬಿಟ್ಟು ನಮ್ಮನ್ನ ಎತ್ತಿದ್ದೂ ಆ ಸಿಪಾಯೀನೇ. ಬೆನ್ನ ಮೇಲಿದ್ದ ಕೂಸು ಯಾರು ಗೊತ್ತಾ? ನೀನು. ಈಗ ಹೇಳು, ಹೆದರೋದು ಯಾರಿಗೆ? ನಿನ್ನ ಸೋದರಮಾವನಿಗಾ?”

ಹ್ಮಿಂಗಿ ಎದ್ದು ಬುಟ್ಟಿಯ ಪಟ್ಟಿಯನ್ನು ಹಣೆಗೇರಿಸಿಕೊಂಡಳು.

“ನಾನು ನಡುವೆ ಇರ್ತೀನಮ್ಮ,” ಎಂದಳು ಪಾರ್ತೇಯಿ. ಈಗ ಅವಳು ನಗಲಿಲ್ಲ.

“ನಾನು ಹಿಂದೆ ಬರ್ತೀನಿ,” ಎಂದಳು ಅಜ್ಜಿ. “ಹಳೇ ಊರು ದಾಟುವಾಗ ನೀನು ‘ಕೊನೆಗೆ ಯಾರು?’ ಅಂತ ಕೂಗು. ನನ್ನ ಉಸಿರಿಗೆ ಉತ್ತರ ಕೊಡೋ ಶಕ್ತಿ ಇಲ್ಲ, ನಾನು ಬಾಯಿ ಬಿಡಲ್ಲ... ಉತ್ತರ ಬಂದ್ರೆ ತಿರುಗಿ ನೋಡಬೇಡ, ಗಂಡನ ಕಡೆ ನಡೀತಾ ಇರು. ಹತ್ತೊಂಬತ್ತು ವರ್ಷದಲ್ಲಿ ನನ್ನ ಮಗ ಒಂದು ಸಲಾನೂ ಉತ್ತರ ತಪ್ಪಿಸಿಲ್ಲ.”