ತೆರಿಗೆ ಉಳಿಸುವ ಪಾಲಿಸಿ

ಪುಲಿಕೇಶಿನಗರದ ನರ್ಸಿಂಗ್ ಹೋಮಿನಲ್ಲಿ ಕಣ್ಣಿಗೆ ಔಷಧಿ ಹಾಕಿಸಿಕೊಂಡು, ರೆಪ್ಪೆ ಮುಚ್ಚಿ ಕೂತಿದ್ದ ಆತಿಕಾಬಿಗೆ ಪಕ್ಕದ ಬೆಂಚಿನ ಭಾವ-ಮೈದುನರ ಮಾತೆಲ್ಲ ಕೇಳುತ್ತಿತ್ತು.

"ನಿಮ್ಮ ಪಕ್ಷ ಟ್ಯಾಕ್ಸ್ ಇಳಿಸ್ತು ಅಂತ ಆಫೀಸಿಗೆಲ್ಲ ಮೈಸೂರ್‌ಪಾಕ್ ಹಂಚಿದ್ರಲ್ಲ, ಭಾವ?"

"ಹಂಚ್ದೆ. ನಿಮ್ಮೋರು ಇದ್ದಿದ್ರೆ ಮೈಮೇಲಿನ ಬನೀನಿಗೂ ಟ್ಯಾಕ್ಸ್ ಹಾಕ್ತಿದ್ರು, ಲಿಂಗೇಶ."

"ಒಳಗೆ ಡಾಕ್ಟ್ರ ಹತ್ರ ಕೂತಿರೋ ಅಕ್ಕನ ಇನ್ಶೂರೆನ್ಸ್ ಯಾಕೆ ನಿಲ್ಲಿಸಿದ್ರಿ, ಅದನ್ನ ಹೇಳಿ."

"ಟ್ಯಾಕ್ಸ್ ಉಳಿಸೋಕೆ ತಾನೇ ಪ್ರತಿ ಮಾರ್ಚಲ್ಲಿ ಕಟ್ತಿದ್ದಿದ್ದು? ಟ್ಯಾಕ್ಸೇ ಬರಲ್ಲ ಅಂದ್ಮೇಲೆ ಅದ್ಯಾಕೆ ಅಂತ ಬಿಟ್ಟೆ."

"ಅದು ಕಾಯಿಲೆಗೆ, ಭಾವ!"

"ಆಫೀಸಲ್ಲಿ ಯಾರೂ ಹಂಗಂದಿರ್ಲಿಲ್ಲ ಕಣೋ."



"ಇವತ್ತೇ ಹೊಸದು ಮಾಡಿಸಿದ್ರೆ?" ಭಾವನ ದನಿ ಇಳಿದಿತ್ತು.

"ಹಾರ್ಟ್ ಕೆಟ್ಟಿದೆ ಅಂತ ಗೊತ್ತಾದ್ಮೇಲೆ ಯಾವ ಕಂಪನಿ ಕೊಡುತ್ತೆ? ಯಾವ ಪಕ್ಷ ಬಂದ್ರೂ ಕೊಡ್ಸಲ್ಲ."

ಬಾಗಿಲು ತೆರೆಯಿತು. ಹೆಂಗಸೊಬ್ಬಳ ಏದುಸಿರು ಹತ್ತಿರ ಬಂತು.

"ಏನ್ರೀ, ಆಪರೇಷನ್ ಬೇಗ ಆಗ್ಬೇಕಂತೆ. ಖರ್ಚಿನ ಮಾತೆತ್ತಿದ್ರು. ನಮ್ಮ ಯಜಮಾನ್ರು ವರ್ಷಾ ವರ್ಷಾ ಇನ್ಶೂರೆನ್ಸ್ ಕಟ್ತಾರೆ, ನಾಳೆನೇ ಮಾಡಿ ಅಂದ್ಬಿಟ್ಟೆ."

ಬೆಂಚು ಕಿರುಗುಟ್ಟಿತು; ಇಬ್ಬರೂ ಎದ್ದು ನಿಂತಂತಾಯಿತು.

"ಯಾಕ್ರೀ ಹಿಂಗೆ ಮುಖ ಮಾಡ್ಕೊಂಡಿದೀರಾ, ಇಬ್ರೂ ಮತ್ತೆ ರಾಜಕೀಯಕ್ಕೆ ಕಿತ್ತಾಡಿದ್ರಾ?"

"ಹೂಂ ಕಣೇ," ಎಂದ ಗಂಡ. "ನಡಿ, ಮನೆಗೆ ಹೋಗೋಣ."

ಮೂವರ ಚಪ್ಪಲಿ ಸದ್ದು ನಿಧಾನವಾಗಿ ಮೆಟ್ಟಿಲಿಳಿಯಿತು.