ಫೋನ್ ಮಾಡದ ಆ ಬೆಳಿಗ್ಗೆ

ಅಧ್ಯಕ್ಷತೆ ವಹಿಸಿರುವ ಡಾಕ್ಟರಮ್ಮನವರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ನರ್ಸಕ್ಕನವರೇ, ನನ್ನ ಹಾಗೆಯೇ ಈ ಆಸ್ಪತ್ರೆಯ ನೀಲಿ ಕುರ್ಚಿಗಳಲ್ಲಿ ಉಗುರು ಕಚ್ಚುತ್ತ ಕೂತೆದ್ದ ಸಭಿಕರೇ,

ಹಿಂದೆ ಕೇಳಿಸುತ್ತಿದೆಯೇ? ಈ ಮೈಕು ಬೀಳುವುದಿಲ್ಲ ತಾನೇ? ಕ್ಷಮಿಸಿ, ನನ್ನ ಸ್ವಭಾವವೇ ಹೀಗೆ. ನಾನು ಬಟ್ಟೆ ಹೊಲಿಯುವವಳು. ಅಮ್ಮನಿಗೆ ಹುಷಾರು ತಪ್ಪಿದಾಗ ಶಾಲೆ ಬಿಟ್ಟೆ, ಮತ್ತೆ ಸೇರಿದೆ, ಮತ್ತೆ ಬಿಟ್ಟೆ. ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಕ್ಕಳಾಗುವ ಚಿಕಿತ್ಸೆಗೆ ಬಂದಾಗ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಅವಳಿ ಆಗಬಹುದು, ಗರ್ಭ ನಾಳದಲ್ಲಿ ನಿಲ್ಲಬಹುದು, ನಿಂತದ್ದು ಹೋಗಬಹುದು, ಇಂಜೆಕ್ಷನ್ನಿಗೆ ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬಬಹುದು. ಹೆಚ್ಚಿನವರಿಗೆ ಇದೇನೂ ಆಗುವುದಿಲ್ಲ ಎಂದೂ ಹೇಳಿದರು. ಆ ಮಾತು ನನ್ನ ಕಿವಿಗೆ ಬಿದ್ದೀತೇ? “ಇವಳಿಗೆ ಇಷ್ಟೆಲ್ಲ ಹೇಳಬಾರದಿತ್ತು ಡಾಕ್ಟ್ರೇ, ಇನ್ನು ನನ್ನ ನಿದ್ದೆ ಹೋಯ್ತು” ಅಂದರು ನಮ್ಮ ಯಜಮಾನರು.

ಅವರ ನಿದ್ದೆಗೇನೂ ಆಗಲಿಲ್ಲ, ನರ್ಸಕ್ಕನ ನೆಮ್ಮದಿ ಹೋಯಿತು. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ನನ್ನ ಫೋನು. ಸೂಜಿ ಚುಚ್ಚಿದ ಜಾಗ ಕೆಂಪಾಗಿದೆ ಅಕ್ಕಾ. ಕೆಂಪು ಹೋಯ್ತು, ಅದು ಸರಿನಾ ಅಕ್ಕಾ? “ಮಾತಾಡ್ತಿದ್ದೀಯಲ್ಲ, ಹಾಗಾದ್ರೆ ಸರಿ” ಅನ್ನುತ್ತಿದ್ದರು. ಇಲ್ಲಿಯವರು ನನಗೆ ‘ಅಲಾರಮ್ಮ’ ಎಂದು ಹೆಸರಿಟ್ಟಿದ್ದರಂತೆ. ಇಟ್ಟವರು ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರೆ, ನಗಲಿ.

ಅಂಡಾಣು ಹೊರತೆಗೆದು ಕೆಲವು ದಿನಗಳಾಗಿದ್ದವು. ಭ್ರೂಣವನ್ನು ಇನ್ನೂ ಒಳಗೆ ಇಟ್ಟಿರಲಿಲ್ಲ. ಒಂದು ಬೆಳಿಗ್ಗೆ ಲಂಗದ ಸೊಂಟ ಬಿಗಿಯಾಗಿತ್ತು. ಟೇಪು ಹಿಡಿದು ನೋಡಿದೆ, ಹೊಟ್ಟೆ ನಿಜಕ್ಕೂ ಉಬ್ಬಿತ್ತು.

“ತೆಗೆಯುವಾಗ ಒಂದು ತಪ್ಪಿಸಿಕೊಂಡು ಒಳಗೇ ಉಳಿದಿರುತ್ತೆ ಕಣೇ! ನಿಂತಿದೆ ಅದು!” ಅಂದರು ಅತ್ತೆ.

ನಾನು ನಂಬಿದೆ. ಯಾಕೆ ನಂಬಬಾರದು? ಎಷ್ಟು ಬಸುರಿಯರ ಬಟ್ಟೆಗೆ ಸೊಂಟ ಸಡಿಲ ಮಾಡಿಕೊಟ್ಟಿದ್ದೆ, ಅವರ ಮುಖ ನೋಡದೆ! ಆವತ್ತು ನನ್ನದೇ ಲಂಗವನ್ನು ಮಡಿಲಲ್ಲಿಟ್ಟುಕೊಂಡು ಹೊಲಿಗೆ ಬಿಚ್ಚುತ್ತ ಕೂತೆ. ವಾಂತಿಯಾಯಿತು, ಒಳ್ಳೆಯದೇ ಎಂದುಕೊಂಡೆ. ಉಸಿರು ಕಟ್ಟಿದಂತಾಯಿತು, ಖುಷಿಗೆ ಎಂದುಕೊಂಡೆ. ಹುಲ್ಲುಕಡ್ಡಿ ಅಲುಗಿದರೂ ಹೆದರುವವಳು, ಆವತ್ತು ಯಾವುದಕ್ಕೂ ಹೆದರಲಿಲ್ಲ. ಫೋನೂ ಮಾಡಲಿಲ್ಲ.

ಮಧ್ಯಾಹ್ನ ನರ್ಸಕ್ಕನೇ ಮಾಡಿದರು. “ಏನಮ್ಮಾ, ಇವತ್ತು ನಿನ್ನ ಸದ್ದೇ ಇಲ್ಲ?”

“ಏನೂ ತೊಂದರೆ ಇಲ್ಲ ಅಕ್ಕಾ. ಲಂಗ ಬಿಗಿಯಾಯ್ತು, ಬಿಚ್ಚಿ ಹೊಲೀತಿದ್ದೀನಿ.”

“ನಿನಗೆ? ತೊಂದರೆ ಇಲ್ಲವಾ?” ಅಕ್ಕನ ದನಿ ಬದಲಾಯಿತು. “ಬೆಳಿಗ್ಗೆಯಿಂದ ಮೂತ್ರ ಹೋಯ್ತಾ?”

ಹೋಗಿರಲಿಲ್ಲ.

“ಲಂಗ ಕೆಳಗಿಡು. ಗಂಡನ್ನ ಕರಿ. ಈಗಲೇ ಹೊರಡು.”

ಹೊಟ್ಟೆಯಲ್ಲಿದ್ದದ್ದು ನೀರು. ಶ್ವಾಸಕೋಶದ ಸುತ್ತಲೂ ನೀರು. ಇನ್ನೂ ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತಂತೆ. ಡಾಕ್ಟರಮ್ಮ ನೀರು ತೆಗೆದರು, ನನ್ನನ್ನು ಉಳಿಸಿದರು, ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಜೋಪಾನವಾಗಿ ಎತ್ತಿಟ್ಟರು. ನಾನು ಮಾತ್ರ ಗೋಡೆಗೆ ಮುಖ ಮಾಡಿ, ಇರದಿದ್ದ ಮಗುವಿಗಾಗಿ ಅಳುತ್ತಿದ್ದೆ. ಇಲ್ಲದ್ದಕ್ಕೆ ಯಾಕೆ ಅಳ್ತೀಯಾ ಎಂದು ಎಲ್ಲರೂ ಕೇಳಿದರು, ನಮ್ಮವರೂ ಕೇಳಿದರು. ನರ್ಸಕ್ಕ ಒಬ್ಬರು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು, ಅಷ್ಟೇ.

ಆಮೇಲೆ ಒಳಗಿಟ್ಟ ಮೊದಲ ಭ್ರೂಣ ನಿಲ್ಲಲಿಲ್ಲ. ಎರಡನೆಯದು ಅಗೋ, ಅಧ್ಯಕ್ಷರ ಮೇಜಿನ ಬಟ್ಟೆ ಎಳೆಯುತ್ತಿದೆ. ಮಗೂ, ಬಿಡಮ್ಮಾ, ಹೂದಾನಿ ಬೀಳುತ್ತೆ!

ನರ್ಸಕ್ಕಾ, ನಾಳೆಯಿಂದ ನೀವು ಮನೆಯಲ್ಲಿ ಒಬ್ಬರೇ. ಈಗ ನನಗೆ ಅದೇ ಚಿಂತೆ. ನಾನು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನೀವೇ ಒಂದು ಫೋನ್ ಮಾಡಿ. ಕಾರಣ ಬೇಡ, ಕೆಂಪಾಯಿತು ಅಂದರೂ ಸರಿ, ಕೆಂಪು ಹೋಯಿತು ಅಂದರೂ ಸರಿ. ಬರದಿದ್ದರೆ ನಿಮ್ಮ ಹಾಗೆ ಮಧ್ಯಾಹ್ನದವರೆಗೆ ಕಾಯುವ ತಾಳ್ಮೆ ನನಗಿಲ್ಲ. ಬಾಗಿಲು ಎಳೆದುಕೊಂಡು, ಮಗುವನ್ನು ಎತ್ತಿಕೊಂಡು, ಹೊರಟೇಬಿಡುತ್ತೇನೆ.

ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಕೃತಜ್ಞತೆ. ಅಕ್ಕಾ, ನಿಮಗೆ ನಮಸ್ಕಾರ.